ಅಮೆರಿಕದ ಕಾಲೇಜು ಸಾಕರ್: ಹೆಣ್ಣುಮಕ್ಕಳ ತಂಡದ ದುಡ್ಡು ಯಾರ ಕೈಲಿದೆ?

ಅಮೆರಿಕದ ವಿಶ್ವವಿದ್ಯಾಲಯಗಳ ಮಹಿಳಾ ಸಾಕರ್ (ನಾವು ಫುಟ್‌ಬಾಲ್ ಎನ್ನುವ ಆಟ) ಬಗ್ಗೆ ಒಂದು ವರ್ಷ ಸುದ್ದಿ ಓದದಿದ್ದರೆ ಸಾಕು, ಏನೂ ಅರ್ಥವಾಗದ ಸ್ಥಿತಿ ಬಂದಿದೆ. ಹಾಗಾಗಿ ಸ್ವಲ್ಪ ಹಿಂದಿನಿಂದ ನೋಡೋಣ.

1972ರಲ್ಲಿ ಟೈಟಲ್ ನೈನ್ ಕಾನೂನು ಬಂತು. ಕೇಂದ್ರ ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳು ಹೆಣ್ಣು ಗಂಡೆಂದು ಭೇದ ಮಾಡುವಂತಿಲ್ಲ ಎಂದಿತು. 1982ರಲ್ಲಿ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ಮೊದಲ ಮಹಿಳಾ ಸಾಕರ್ ಟೂರ್ನಿ ನಡೆಸಿತು. ನಾರ್ತ್ ಕೆರೊಲಿನಾ ಗೆದ್ದಿತು. ಅಲ್ಲಿನ ಕೋಚ್ ಆನ್ಸನ್ ಡೊರೆನ್ಸ್ 2024ರವರೆಗೂ ಅದೇ ಕೆಲಸದಲ್ಲಿದ್ದರು. ಇನ್ನೊಂದು ಬದಲಾವಣೆಯೂ ಆಯಿತು. ಕಾನೂನಿಗೆ ಮುಂಚೆ ಹುಡುಗಿಯರ ತಂಡಗಳ ಕೋಚ್‌ಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಮಹಿಳೆಯರೇ. ಒಳ್ಳೆಯ ಸಂಬಳ ಬಂದ ಮೇಲೆ ಗಂಡಸರೂ ಬಂದರು. ಈಗ ಮಹಿಳೆಯರ ಪಾಲು ಅರ್ಧಕ್ಕಿಂತ ಕಡಿಮೆ.

ಓದಿನಲ್ಲಿ ಈ ಹುಡುಗಿಯರು ಹಿಂದೆ ಬಿದ್ದವರಲ್ಲ. ಎಪಿಆರ್ ಎಂಬ ಅಳತೆ ಇದೆ. ಪ್ರತಿ ಸೆಮಿಸ್ಟರ್‌ನಲ್ಲಿ ಆಟಗಾರ್ತಿ ಕಾಲೇಜಲ್ಲೇ ಉಳಿದರೆ ಒಂದು ಅಂಕ, ಓದಿನ ಅರ್ಹತೆ ಉಳಿಸಿಕೊಂಡರೆ ಇನ್ನೊಂದು. ತಂಡಕ್ಕೆ ಒಟ್ಟು 1000ಕ್ಕೆ ಲೆಕ್ಕ. 930ಕ್ಕಿಂತ ಕೆಳಗಿಳಿದರೆ ಟೂರ್ನಿಯಿಂದ ಹೊರಗೆ. ಮಹಿಳಾ ಸಾಕರ್‌ನ ಸರಾಸರಿ 980ರ ಮೇಲೇ ಇರುತ್ತದೆ.

ಆದರೂ ಬಜೆಟ್ ಮೀಟಿಂಗ್‌ನಲ್ಲಿ ಈ ಅಂಕಕ್ಕೆ ಬೆಲೆ ಜಾಸ್ತಿ ಇಲ್ಲ. ದುಡ್ಡು ತರುವುದು ಅಮೆರಿಕನ್ ಫುಟ್‌ಬಾಲ್ ಮತ್ತು ಪುರುಷರ ಬ್ಯಾಸ್ಕೆಟ್‌ಬಾಲ್. ಟಿವಿ ಹಣಕ್ಕಾಗಿ ಲೀಗ್‌ಗಳು ಒಡೆದು ಸೇರಿದವು. 2024ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಪೂರ್ವ ಕರಾವಳಿಯ ಲೀಗ್ ಸೇರಿತು. ಸಾಕರ್ ಹುಡುಗಿಯರೂ ಲೀಗ್ ಪಂದ್ಯಕ್ಕೆ ದೇಶದ ಆ ತುದಿಗೆ ವಿಮಾನ ಹತ್ತಬೇಕಾಯಿತು. ಕ್ಲಾಸು ಯಾವಾಗ ಕೇಳುವುದು?

ಆಟಗಾರರು ತಮ್ಮ ಪಾಲಿನ ಹಣಕ್ಕಾಗಿ ಎನ್‌ಸಿಎಎ ಮೇಲೆ ಹೂಡಿದ್ದ ಹೌಸ್ ಮೊಕದ್ದಮೆಯ ರಾಜಿಗೆ 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿತು. ಒಪ್ಪಿಕೊಂಡ ವಿಶ್ವವಿದ್ಯಾಲಯಗಳು 2025-26ರಲ್ಲಿ ಸುಮಾರು 2.05 ಕೋಟಿ ಡಾಲರ್‌ವರೆಗೆ ಆಟಗಾರರಿಗೆ ನೇರವಾಗಿ ಕೊಡಬಹುದು ಎಂದಾಯಿತು. ಮೊದಲು ಒಂದು ಮಹಿಳಾ ಸಾಕರ್ ತಂಡಕ್ಕೆ ಇದ್ದದ್ದು 14 ಪೂರ್ತಿ ಸ್ಕಾಲರ್‌ಶಿಪ್. ಅದನ್ನೇ ಇಪ್ಪತ್ತೈದು, ಮೂವತ್ತು ಹುಡುಗಿಯರಿಗೆ ಹಂಚುತ್ತಿದ್ದರು. ಈಗ ತಂಡದಲ್ಲಿ 28 ಜನ ಮಾತ್ರ, ಎಲ್ಲರಿಗೂ ಪೂರ್ತಿ ಕೊಡಬಹುದು. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಕೊಡಲೇಬೇಕೆಂದಿಲ್ಲ. ಮೇಲಾಗಿ 28ಕ್ಕಿಂತ ದೊಡ್ಡ ತಂಡಗಳಲ್ಲಿ ಬೆಂಚಿನ ಹುಡುಗಿಯರ ಜಾಗಕ್ಕೆ ಕುತ್ತು ಬಂತು. ಹಾಗೆ ಜಾಗ ಕಳೆದುಕೊಂಡವರಿಗೆ ಆಮೇಲೆ ವಿನಾಯಿತಿ ಸಿಕ್ಕಿತು. ಅವರನ್ನು ವಾಪಸ್ ಕರೆಯುವುದು ಬಿಡುವುದು ಕಾಲೇಜಿನ ಇಷ್ಟಕ್ಕೇ ಉಳಿಯಿತು.

ಹೊಸ ಹಣದ ಹಂಚಿಕೆ ಬಗ್ಗೆ ಎಲ್ಲರ ಬಾಯಲ್ಲಿದ್ದ ಸೂತ್ರ ಹೀಗಿತ್ತು: ಅಮೆರಿಕನ್ ಫುಟ್‌ಬಾಲ್‌ಗೆ ನೂರಕ್ಕೆ 75, ಪುರುಷರ ಬ್ಯಾಸ್ಕೆಟ್‌ಬಾಲ್‌ಗೆ 15, ಮಹಿಳೆಯರ ಬ್ಯಾಸ್ಕೆಟ್‌ಬಾಲ್‌ಗೆ 5, ಮಿಕ್ಕ ಎಲ್ಲ ಆಟಕ್ಕೆ 5. ಸಾಕರ್ ಆ ಕೊನೆಯ ಐದರೊಳಗೆ. ಈ ಹಣಕ್ಕೂ ಟೈಟಲ್ ನೈನ್ ಅನ್ವಯಿಸುತ್ತದೆ ಎಂದು ಶಿಕ್ಷಣ ಇಲಾಖೆ 2025ರ ಜನವರಿಯಲ್ಲಿ ಹೇಳಿತ್ತು. ಸರ್ಕಾರ ಬದಲಾಯಿತು, ಫೆಬ್ರವರಿಯಲ್ಲಿ ಆ ಮಾತು ವಾಪಸಾಯಿತು. ಇದೇ ರಾಜಿಯಲ್ಲಿ ಹಿಂದೆ ಆಡಿದವರಿಗೆ ಕೊಡಬೇಕಾದ ಹಳೆಯ ಬಾಕಿಯ ಹಂಚಿಕೆಯಲ್ಲಿ ಅನ್ಯಾಯವಾಗಿದೆ ಎಂದು ಜೂನ್‌ನಲ್ಲೇ ಕೆಲವು ಆಟಗಾರ್ತಿಯರು ಮೇಲ್ಮನವಿ ಸಲ್ಲಿಸಿದರು. ಅವರಲ್ಲಿ ಸಾಕರ್ ಆಡಿದವರೂ ಇದ್ದಾರೆ.