ಗಂಟೆಗೆ 20 ರೂಪಾಯಿಯ ಲೋಕ

ಕರೆಂಟ್ ಹೋದಾಗ ನಾನು ಒಂದು ದೊಡ್ಡ ಜೇಡದ ಜೊತೆ ಹೊಡೆದಾಡುತ್ತಿದ್ದೆ. 2004ರ ಬೇಸಿಗೆ ರಜೆ. ತುಮಕೂರಿನ ಬಿ.ಎಚ್. ರಸ್ತೆಯ ಒಂದು ಬ್ರೌಸಿಂಗ್ ಸೆಂಟರು. ಪ್ಲೈವುಡ್ ಹೊಡೆದು ಮಾಡಿದ ಆರು ಗೂಡು, ಗಂಟೆಗೆ 20 ರೂಪಾಯಿ. ಯುಪಿಎಸ್ ಇದ್ದದ್ದು ಓನರ್ ಕೂರುವ ಕಂಪ್ಯೂಟರಿಗೆ ಮಾತ್ರ. ಮುಕ್ಕಾಲು ಗಂಟೆ ಬಿಟ್ಟು ಕರೆಂಟ್ ಬಂತು. ಲಾಗಿನ್ ಆಗಿ ನೋಡಿದರೆ ಆಟದೊಳಗಿನ ನಮ್ಮ ಹುಡುಗ ಸತ್ತು, ಬೇರೆಲ್ಲೋ ಮತ್ತೆ ಹುಟ್ಟಿ ನಿಂತಿದ್ದಾನೆ. ಹತ್ತಿರ ಉಳಿದದ್ದು ಮೂರೇ ಸಾಮಾನು.

'ನಾನು ಆಡ್ತಾನೇ ಇರಲಿಲ್ಲ, ಅದ್ಹೇಗಣ್ಣ ಸಾಯ್ತೀನಿ?' ಅಂತ ಓನರ್ ಜೊತೆ ಜಗಳಕ್ಕೇ ನಿಂತೆ.

'ಇಲ್ಲಿ ಕರೆಂಟ್ ಹೋಗಿದ್ದು ಆ ಜೇಡಕ್ಕೇನು ಗೊತ್ತು ಮಗಾ?' ಅಂದರು.

ಆ ಆಟದ ಹೆಸರು ರೂನ್‌ಸ್ಕೇಪ್. ಇಂಗ್ಲೆಂಡಿನ ಗೋವರ್ ಸಹೋದರರು 2001ರ ಜನವರಿಯಲ್ಲಿ ಬಿಟ್ಟದ್ದು. ಸಾವಿರಾರು ಜನ ಒಂದೇ ಲೋಕದಲ್ಲಿ ಓಡಾಡುತ್ತಾ, ಮರ ಕಡಿಯುತ್ತಾ, ಮೀನು ಹಿಡಿಯುತ್ತಾ, ಒಬ್ಬರಿಗೊಬ್ಬರು ಮಾರುತ್ತಾ ಇರುವ ಆಟ. ಮುಂದೆ ಅದರಲ್ಲಿ ಖಾತೆ ತೆರೆದವರ ಲೆಕ್ಕ 20 ಕೋಟಿ ದಾಟಿತು. ಅಂದಿನ ನಮ್ಮ ಇಂಟರ್ನೆಟ್ಟಿನಲ್ಲಿ ಒಂದು ಹಾಡು ಇಳಿಸಲು ಕಾಲು ಗಂಟೆ ಬೇಕಿತ್ತು. ಅಂಥದ್ದರಲ್ಲಿ ಇಡೀ ಒಂದು ಲೋಕ ಹೇಗೆ ಓಡುತ್ತಿತ್ತು ಅನ್ನೋದು ಆಗ ನನ್ನ ತಲೆಗೆ ಹೋಗಿರಲಿಲ್ಲ.

ಇದಕ್ಕೆ ಉತ್ತರ ನಮ್ಮ ಕಡೆಯ ಮೂಡಲಪಾಯ ಯಕ್ಷಗಾನದಲ್ಲೇ ಇದೆ. ಬಯಲಲ್ಲಿ ಒಂದು ಅಟ್ಟ, ಹಿಂದೆ ಒಂದು ಪರದೆ. ಕಾಡು ಬೇಕು ಅಂದರೆ ಯಾರೂ ಮರ ಹೊತ್ತು ತರುವುದಿಲ್ಲ. ಭಾಗವತರು ಕಾಡು ಅಂತ ಪದ ಎತ್ತಿದರೆ ಸಾಕು, ಮುಂದೆ ಕೂತವರ ತಲೆಯಲ್ಲಿ ಕಾಡು ಬೆಳೆಯುತ್ತದೆ.

ಇಂಥ ಮೊದಲ ಆಟಗಳು ಅಕ್ಷರಶಃ ಹೀಗೇ ಇದ್ದವು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಅನ್ನುವ ವಿದ್ಯಾರ್ಥಿ 'ಮಡ್' ಎಂಬ ಆಟ ಬರೆಯಲು ಕೂತ. ಆಮೇಲೆ ಅದನ್ನು ಮುಂದುವರಿಸಿದವನು ಗೆಳೆಯ ರಿಚರ್ಡ್ ಬಾರ್ಟಲ್. ಚಿತ್ರ ಒಂದೂ ಇಲ್ಲ. 'ನೀವು ಒಂದು ಕಿರಿದಾದ ದಾರಿಯಲ್ಲಿದ್ದೀರಿ' ಎಂಬಂಥ ಸಾಲು ತೆರೆಯ ಮೇಲೆ ಬರುತ್ತದೆ. ಉತ್ತರಕ್ಕೆ ಹೋಗು ಅಂತ ಟೈಪ್ ಮಾಡಿದರೆ ಇನ್ನೊಂದು ಸಾಲು. ಅಲ್ಲಿ ಇನ್ನೊಬ್ಬ ಆಟಗಾರ ನಿಂತಿದ್ದರೆ ಅವನ ಹೆಸರೂ ಕಾಣುತ್ತದೆ. ಆಗಿನ ಮೋಡೆಮ್ ಸೆಕೆಂಡಿಗೆ ಬರೀ 30 ಅಕ್ಷರ ತರುತ್ತಿತ್ತು. ಇಂಥ ಆಟಕ್ಕೆ ಅಷ್ಟು ಸಾಕಿತ್ತು. ಹೊರಗಿನವರೂ ಫೋನ್ ಲೈನ್ ಹಿಡಿದು ಬರಬಹುದಿತ್ತು, ಆದರೆ ಕಂಪ್ಯೂಟರಿಗೆ ಬೇರೆ ಕೆಲಸವಿಲ್ಲದ ನಡುರಾತ್ರಿಯಲ್ಲಿ. ಮೂಡಲಪಾಯದ ಹೊತ್ತೂ ಅದೇ ಅಲ್ವಾ!

ಅಮೆರಿಕದಲ್ಲಿ ಇದು ವ್ಯಾಪಾರವಾಯಿತು. 1985ರ 'ಐಲ್ಯಾಂಡ್ ಆಫ್ ಕೆಸ್ಮಾಯ್' ಆಡಲು ಗಂಟೆಗೆ 12 ಡಾಲರ್‌ವರೆಗೂ ಕೊಡಬೇಕಿತ್ತು. 1999ರ ಎವರ್‌ಕ್ವೆಸ್ಟ್ ಹೊತ್ತಿಗೆ ಆಟದ ಡಬ್ಬಿ ಕೊಂಡು, ಮೇಲೆ ತಿಂಗಳ ಬಾಡಿಗೆ ಕಟ್ಟುವ ಪದ್ಧತಿ ನಡೆಯುತ್ತಿತ್ತು. ಕ್ರೆಡಿಟ್ ಕಾರ್ಡ್ ಬೇಕು. ನಮ್ಮಪ್ಪನ ಹತ್ತಿರ ಇದ್ದದ್ದು ರೇಷನ್ ಕಾರ್ಡ್.

ಇನ್ನೊಂದು ತೊಡಕೂ ಇತ್ತು. ಬ್ರೌಸಿಂಗ್ ಸೆಂಟರಿನವರು ಎಲ್ಲ ಕಂಪ್ಯೂಟರಿಗೂ ಒಂದು ಬೀಗ ಹಾಕಿರುತ್ತಿದ್ದರು. ನೀವು ಏನೇ ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಆದ ಕೂಡಲೇ ಎಲ್ಲ ಅಳಿಸಿ ಮೊದಲಿನಂತಾಗುತ್ತಿತ್ತು. ಒಂದು ಸಿ.ಡಿ.ಯಷ್ಟು ದೊಡ್ಡ ಆಟವನ್ನು ಆ ಲೈನಿನಲ್ಲಿ ಇಳಿಸಲು ಸುಮಾರು 36 ಗಂಟೆ, ಅಂದರೆ 720 ರೂಪಾಯಿ. ಕೊನೆಗೆ ಅದೂ ಅಳಿಸಿಹೋಗುತ್ತಿತ್ತು.

ರೂನ್‌ಸ್ಕೇಪ್ ಈ ಬೀಗದ ಗೋಜಿಗೇ ಹೋಗಲಿಲ್ಲ. ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದರಿಂದ ಅದು ಬ್ರೌಸರಿನ ಒಳಗೇ ತೆರೆದುಕೊಳ್ಳುತ್ತಿತ್ತು. ಶುರುವಿಗೆ ಕೆಲವು ನಿಮಿಷ ತೆರೆಯ ಮೇಲೆ ಲೋಡಿಂಗ್ ಪಟ್ಟಿ ತುಂಬುವುದನ್ನು ನೋಡುತ್ತಾ ಕೂರಬೇಕು, ಅಷ್ಟೇ. ಆ ಹೊತ್ತಿನಲ್ಲಿ ನಕ್ಷೆ, ಮರ, ಮನೆಯ ಚಿತ್ರಗಳು ಇಳಿಯುತ್ತವೆ. ಆಮೇಲೆ ಬರುವುದೆಲ್ಲ ಭಾಗವತರ ಮಾತು. ಇಂಥವನು ಎರಡು ಹೆಜ್ಜೆ ಪೂರ್ವಕ್ಕೆ ಸರಿದ, ಇಂಥ ಮರ ಬಿತ್ತು. ಒಂದೊಂದು ಸುದ್ದಿಗೂ ಕೆಲವೇ ಬೈಟ್. ನನ್ನ ಗಂಟುಮೂಟೆಯೆಲ್ಲ ಇರುತ್ತಿದ್ದದ್ದು ದೂರದ ಸರ್ವರಿನಲ್ಲಿ. ಹಾಗಾಗಿ ಯಾವ ಗೂಡಿನಲ್ಲಿ ಕೂತರೂ, ಮೆಷಿನ್ ಎಷ್ಟು ಸಲ ಅಳಿಸಿದರೂ, ನನ್ನ ಕೊಡಲಿ ನನ್ನದೇ. ಪುಕ್ಕಟೆ ಬೇರೆ. ತಿಂಗಳಿಗೆ 5 ಡಾಲರ್ ಕೊಟ್ಟವರಿಗೆ ಇನ್ನೂ ದೊಡ್ಡ ನಕ್ಷೆ ಸಿಗುತ್ತಿತ್ತು. ನಾವು ಆ ಬೇಲಿಯವರೆಗೆ ಹೋಗಿ ಇಣುಕಿ ಬರುತ್ತಿದ್ದೆವು.

ನನಗೆ ಜಾಸ್ತಿ ಹಿಡಿಸಿದ್ದು ಸಮಯದ ಲೆಕ್ಕ. ಬೆಂಗಳೂರಿನಿಂದ ಲಂಡನ್ನಿಗೆ ನೇರ ದೂರ ಸುಮಾರು 8,000 ಕಿ.ಮೀ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಹೋಗಿ ಬರಲು 80 ಮಿಲಿಸೆಕೆಂಡ್. ಕೇಬಲ್ಲು ಸುತ್ತಿ ಬಳಸಿ ಹೋಗುತ್ತದೆ, ಮೋಡೆಮ್ ತನ್ನ ಪಾಲಿನ ತಡ ಸೇರಿಸುತ್ತದೆ. ಸುಲಭವಾಗಿ 300–400 ಮಿಲಿಸೆಕೆಂಡ್ ಆಗುತ್ತದೆ. ಗುಂಡು ಹಾರಿಸುವ ಆಟವಾಗಿದ್ದರೆ ನಾನು ಗುರಿ ಇಡುವಷ್ಟರಲ್ಲಿ ಎದುರಿನವನು ನನ್ನನ್ನು ಮುಗಿಸಿರುತ್ತಿದ್ದ.

ರೂನ್‌ಸ್ಕೇಪ್ ಸರ್ವರ್ ಹೆಚ್ಚು ಕಡಿಮೆ 0.6 ಸೆಕೆಂಡಿಗೊಮ್ಮೆ ಮಾತ್ರ ಎಲ್ಲರ ಅಪ್ಪಣೆ ನೋಡುತ್ತದೆ. ನಮ್ಮ ಬಸ್ ಸ್ಟ್ಯಾಂಡಿನಿಂದ ಮೆಜೆಸ್ಟಿಕ್‌ಗೆ ಹೊರಡುವ ನಾನ್‌ಸ್ಟಾಪ್ ನೆನಪಿಸಿಕೊಳ್ಳಿ. ಹತ್ತು ನಿಮಿಷ ಮೊದಲೇ ಬಂದು ಕಿಟಕಿ ಪಕ್ಕ ಕೂತವನೂ, ಕಂಡಕ್ಟರ್ ಸೀಟಿ ಹೊಡೆಯುವಾಗ ಓಡಿ ಬಂದು ಹತ್ತಿದವನೂ ತಲುಪುವುದು ಒಟ್ಟಿಗೇ. ಲಂಡನ್ ಹುಡುಗನ ಕ್ಲಿಕ್ಕು ಬೇಗ ಬಂದು ಕಾಯುತ್ತಾ ಕೂರುತ್ತದೆ. ನನ್ನದು ಏದುಸಿರು ಬಿಡುತ್ತಾ ಬರುತ್ತದೆ. ಬಸ್ಸು ಒಂದೇ. ಆಟ ನಿಧಾನ ಅಂತ ಬೈದವರೂ ಇದ್ದರು, ಆದರೆ ಆ ನಿಧಾನ ಇಲ್ಲದಿದ್ದರೆ ತುಮಕೂರಿನವನಿಗೆ ಅಲ್ಲಿ ಸೀಟೇ ಸಿಗುತ್ತಿರಲಿಲ್ಲ.

ಮಂಡಿಪೇಟೆಯ ನನ್ನ ಗೆಳೆಯನ ಮನೆಗೆ ಮೊಟ್ಟೆಯೂ ಬರುತ್ತಿರಲಿಲ್ಲ. ಆಟದಲ್ಲಿ ಅವನು 30 ನಾಣ್ಯ ಕೊಟ್ಟು ದೋಣಿ ಹತ್ತಿ, ದ್ವೀಪಕ್ಕೆ ಹೋಗಿ, ಲಾಬ್‌ಸ್ಟರ್ ಹಿಡಿದು ಸುಟ್ಟು ಮಾರುತ್ತಿದ್ದ. ಒಂದೂ ಸೀಯದ ಹಾಗೆ ಸುಡುವುದು ಕಷ್ಟ, ಅದರಲ್ಲಿ ಅವನು ಪಳಗಿದ್ದ. ಯಾವ ದೇಶದವನೋ ಒಬ್ಬ ದಿನಾ ಅವನ ಹತ್ತಿರವೇ ಕೊಳ್ಳುತ್ತಿದ್ದ. ಚೌಕಾಸಿ ಮಾಡುತ್ತಲೇ ಇವನು ಇಂಗ್ಲಿಷ್ ಟೈಪಿಂಗ್ ಕಲಿತ. ಮನೆಯಲ್ಲಿ ಹೇಳಿದ್ದು ಕಂಪ್ಯೂಟರ್ ಕ್ಲಾಸ್ ಅಂತ. ಪೂರ್ತಿ ಸುಳ್ಳೇನಲ್ಲ.

ಈಗ ಬ್ರೌಸರುಗಳು ಆ ಜಾವಾ ತಂತ್ರವನ್ನು ಕೈಬಿಟ್ಟಿವೆ. ಆದರೆ ಹಳೆಯ ರೂಪದ ರೂನ್‌ಸ್ಕೇಪ್ 2018ರಿಂದ ಮೊಬೈಲಿನಲ್ಲೂ ಇದೆ. ಅದೇ 0.6 ಸೆಕೆಂಡಿನ ಸೀಟಿ. ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ಆಗಾಗ ತೆರೆಯುತ್ತೇನೆ. ಹಿರೇಹಳ್ಳಿ ದಾಟುತ್ತಿದ್ದಂತೆ ಒಮ್ಮೊಮ್ಮೆ ಸಿಗ್ನಲ್ ಹೋಗುತ್ತದೆ. ಅದಕ್ಕೇ ರೈಲಿನಲ್ಲಿ ಜೇಡದ ತಂಟೆಗೆ ಹೋಗುವುದಿಲ್ಲ, ಸುಮ್ನೆ ಮರ ಕಡಿಯುತ್ತೇನೆ.