ಹಿಗ್ಸ್ ಎಚ್ಚೆತ್ತಾಗ ವಿಶ್ವದಲ್ಲಿ ಗುಳ್ಳೆ ಎದ್ದಿದ್ದವಾ?

ಓದುಗರ ಪ್ರಶ್ನೆ: "ಆರಂಭದ ವಿಶ್ವ ತಣ್ಣಗಾಗುತ್ತಾ ಬಂದಾಗ ನೀರು ಕುದಿಯುವಾಗಿನಂತೆ ಗುಳ್ಳೆಗಳು ಎದ್ದವು, ಗುಳ್ಳೆಯ ಒಳಗೆ ಹಿಗ್ಸ್ ಕ್ಷೇತ್ರ ಎಚ್ಚೆತ್ತು ಕಣಗಳಿಗೆ ದ್ರವ್ಯರಾಶಿ ಬಂತು ಅಂತ ಓದಿದ್ದೆ. ನಿಜವಾ? ಯಾರೂ ನೋಡಿರದ ಆ ಕ್ಷಣದ ಬಗ್ಗೆ ಹೇಗೆ ಹೇಳ್ತಾರೆ?"

ಗುಳ್ಳೆ ಏಳಲಿಲ್ಲ. ನಮಗೆ ಈಗ ಗೊತ್ತಿರುವ ಕಣಗಳಷ್ಟೇ, ಅಂದರೆ ಸ್ಟ್ಯಾಂಡರ್ಡ್ ಮಾಡೆಲ್‌ನಲ್ಲಿ ಇರುವಷ್ಟೇ ಆಗ ಇದ್ದಿದ್ದರೆ ಇದು ಪಕ್ಕಾ. ಬದಲಾವಣೆ ಎಲ್ಲ ಕಡೆ ಒಟ್ಟಿಗೆ, ನಯವಾಗಿ ಆಗಿಹೋಯಿತು. ಇದನ್ನು ತೀರ್ಮಾನಿಸಿದ್ದು ಟೆಲಿಸ್ಕೋಪ್ ಅಲ್ಲ, ಲ್ಯಾಟಿಸ್ ಮೇಲೆ, ಅಂದರೆ ಬಿಂದುಗಳ ಜಾಲದ ಮೇಲೆ, ಮಾಡಿದ ಕಂಪ್ಯೂಟರ್ ಲೆಕ್ಕ.

ಇದು ಮಹಾಸ್ಫೋಟ ಆಗಿ ಒಂದು ಸೆಕೆಂಡಿನ ಹತ್ತು ಸಾವಿರ ಕೋಟಿಯಲ್ಲೊಂದು ಭಾಗ ಕಳೆದಾಗಿನ ಮಾತು. ಆಗಿನ ಬಿಸಿ ಸುಮಾರು 160 ಜಿಇವಿ (ಕಣವಿಜ್ಞಾನಿಗಳು ಶಕ್ತಿ, ಬಿಸಿ, ಕಣದ ಭಾರ ಮೂರನ್ನೂ ಹೇಳುವ ಮಾನ). ಡಿಗ್ರಿಯಲ್ಲಿ ಹೇಳಿದರೆ 1,800 ಲಕ್ಷ ಕೋಟಿಗೂ ಜಾಸ್ತಿ. ಅದಕ್ಕಿಂತ ಬಿಸಿ ಇದ್ದಾಗ ಹಿಗ್ಸ್ ಕ್ಷೇತ್ರ ಸರಾಸರಿಯಲ್ಲಿ ಸೊನ್ನೆ. ಬಿಸಿ ಇಳಿದಂತೆ ಅದು ಏರುತ್ತದೆ, ಡಬ್ಲ್ಯೂ ಮತ್ತು ಝಡ್ ಕಣಗಳಿಗೆ, ಎಲೆಕ್ಟ್ರಾನಿಗೆ, ಕ್ವಾರ್ಕುಗಳಿಗೆ ದ್ರವ್ಯರಾಶಿ ಬರುತ್ತದೆ. ಇಷ್ಟರ ಬಗ್ಗೆ ತಕರಾರಿಲ್ಲ. ಅದು ಥಟ್ಟನೆ ಆಯಿತಾ, ನಿಧಾನಕ್ಕೆ ಆಯಿತಾ ಅನ್ನುವುದೇ ಪ್ರಶ್ನೆಯಾಗಿತ್ತು.

ಗುಳ್ಳೆಯ ಕಥೆ ಸುಮ್ನೆ ಹುಟ್ಟಿದ್ದಲ್ಲ. ಕಾಗದ ಪೆನ್ನು ಹಿಡಿದು ಮೊದಲ ಹಂತದ ಲೆಕ್ಕ ಮಾಡಿದರೆ ಹಿಗ್ಸ್ ಕ್ಷೇತ್ರದ ಕಣ ಎಷ್ಟೇ ಭಾರ ಇರಲಿ, ಗುಳ್ಳೆ ಬಂದೇ ಬರುತ್ತದೆ. ತೊಂದರೆ ಏನೆಂದರೆ ಆ ಲೆಕ್ಕವನ್ನು ಇಲ್ಲಿ ಪೂರ್ತಿ ನಂಬುವ ಹಾಗಿಲ್ಲ. ಕಣಗಳ ನಡುವಿನ ಬಲ ಸಣ್ಣದು, ಹಾಗಾಗಿ ಒಂದೊಂದೇ ಸಣ್ಣ ತಿದ್ದುಪಡಿ ಸೇರಿಸುತ್ತಾ ಹೋದರೆ ಸಾಕು ಅನ್ನುವುದು ಆ ವಿಧಾನದ ಬುನಾದಿ. ಆದರೆ ಅಷ್ಟು ಬಿಸಿಯಲ್ಲಿ ಉದ್ದ ಅಲೆಗಳ ಗೇಜ್ ಬೋಸಾನುಗಳು (ಬಲವನ್ನು ಹೊತ್ತೊಯ್ಯುವ ಡಬ್ಲ್ಯೂನಂಥ ಕಣಗಳು) ಒಂದೇ ಸ್ಥಿತಿಯಲ್ಲಿ ಎಷ್ಟು ತುಂಬಿಕೊಂಡಿರುತ್ತವೆ ಅಂದರೆ, ಸಣ್ಣ ಬಲವನ್ನು ಆ ದೊಡ್ಡ ಸಂಖ್ಯೆಯಿಂದ ಗುಣಿಸಿದಾಗ ತಿದ್ದುಪಡಿ ಸಣ್ಣದಾಗಿ ಉಳಿಯುವುದೇ ಇಲ್ಲ, ಮುಂದಿನ ತಿದ್ದುಪಡಿಯೂ ಹಿಂದಿನದರಷ್ಟೇ ದೊಡ್ಡದಾಗಿರುತ್ತದೆ. ಭೌತವಿಜ್ಞಾನಿ ಆಂಡ್ರೇ ಲಿಂಡೆ 1980ರಲ್ಲೇ ಇದನ್ನು ತೋರಿಸಿದ್ದರು. ಎಷ್ಟು ಜಾಣರಾದರೂ ಕೈಲೆಕ್ಕದಲ್ಲಿ ಇದನ್ನು ದಾಟಲಾಗದು.

ಬೇರೆ ದಾರಿಯನ್ನು ಕೆನೆತ್ ವಿಲ್ಸನ್ 1974ರಲ್ಲಿ ಹಾಕಿಕೊಟ್ಟಿದ್ದರು, ಕ್ವಾರ್ಕುಗಳನ್ನು ಕಟ್ಟಿಹಾಕುವ ಪ್ರಬಲ ಬಲಕ್ಕಾಗಿ. ಜಾಗವನ್ನು ಸಮ ಅಂತರದ ಬಿಂದುಗಳಾಗಿ ಮಾಡಿ. ಹಿಗ್ಸ್‌ನಂಥ ಕ್ಷೇತ್ರವನ್ನು ಬಿಂದುವಿನ ಮೇಲಿಡಿ. ಬಲವನ್ನು ಹೊರುವ ಗೇಜ್ ಕ್ಷೇತ್ರವನ್ನು ಮಾತ್ರ ಬಿಂದುವಿನ ಮೇಲಲ್ಲ, ಎರಡು ಬಿಂದುಗಳ ನಡುವಿನ ಕೊಂಡಿಯ ಮೇಲೆ ಒಂದು ಮ್ಯಾಟ್ರಿಕ್ಸ್ (ಸಂಖ್ಯೆಗಳ ಚೌಕಟ್ಟು) ಆಗಿ ಇಡಿ. ಒಂದು ಪುಟ್ಟ ಚೌಕದ ಸುತ್ತ ನಾಲ್ಕು ಕೊಂಡಿಗಳ ಮ್ಯಾಟ್ರಿಕ್ಸುಗಳನ್ನು ಗುಣಿಸಿದರೆ ಅಲ್ಲಿ ಕ್ಷೇತ್ರ ಎಷ್ಟು ಬಲವಾಗಿದೆ ಅನ್ನುವುದು ಸಿಗುತ್ತದೆ. ಹೀಗೆ ಮಾಡಿದಾಗ ಗೇಜ್ ಸಮ್ಮಿತಿ, ಅಂದರೆ ಈ ಬಲಗಳ ನಿಯಮಗಳಿಗೆ ಬುನಾದಿಯಾದ ಸಮ್ಮಿತಿ, ಒಂಚೂರೂ ಕೆಡುವುದಿಲ್ಲ, ಬಿಂದುಗಳು ಎಷ್ಟೇ ದೂರ ಇರಲಿ. ಇಡೀ ವಿಷಯದಲ್ಲಿ ನನಗೆ ಅತಿ ಸುಂದರವಾಗಿ ಕಾಣುವುದು ಇದೇ.

ಜಾಗ ನಿಜಕ್ಕೂ ಬಿಂದು ಬಿಂದುವಾಗಿದೆ ಅಂತ ಯಾರೂ ಹೇಳುತ್ತಿಲ್ಲ. ಒಂದು ಅಂತರದಲ್ಲಿ ಲೆಕ್ಕ ಮಾಡುತ್ತಾರೆ, ಅಂತರ ಕಡಿಮೆ ಮಾಡಿ ಮತ್ತೆ ಮಾಡುತ್ತಾರೆ, ಇನ್ನೂ ಕಡಿಮೆ ಮಾಡಿ ಮತ್ತೆ. ಅಂತರ ಸೊನ್ನೆಯತ್ತ ಹೋದಂತೆ ಉತ್ತರ ಎಲ್ಲಿಗೆ ಹೋಗಿ ನಿಲ್ಲುತ್ತದೋ ಅದನ್ನಷ್ಟೇ ಒಪ್ಪುತ್ತಾರೆ.

ಈ ಬಿಸಿಯಲ್ಲಿ ಒಂದು ಅನುಕೂಲ ಇದೆ. ಉಷ್ಣ ಸಮತೋಲದ ಲೆಕ್ಕದಲ್ಲಿ ಕಾಲದ ದಿಕ್ಕಿನ ಉದ್ದ ಬಿಸಿಗೆ ವಿಲೋಮ. ಬಿಸಿ ಜಾಸ್ತಿಯಾದರೆ ಆ ದಿಕ್ಕು ಕುಗ್ಗುತ್ತದೆ, ಕ್ವಾರ್ಕು, ಎಲೆಕ್ಟ್ರಾನುಗಳೆಲ್ಲ ಲೆಕ್ಕದಿಂದ ಆಚೆ ಸರಿದು ಒಂದೆರಡು ಸಂಖ್ಯೆಗಳ ಒಳಗೆ ಸೇರಿಕೊಳ್ಳುತ್ತವೆ. ಉಳಿಯುವುದು ಮೂರೇ ಆಯಾಮ, ಒಂದು ಗೇಜ್ ಕ್ಷೇತ್ರ, ಒಂದು ಹಿಗ್ಸ್. ಎಡಗೈ ಬಲಗೈ ಭೇದ ಮಾಡುವ ಕಣಗಳನ್ನು ಲ್ಯಾಟಿಸ್ ಮೇಲೆ ಕೂರಿಸುವುದು ದೊಡ್ಡ ತಲೆನೋವು, ಅದೂ ಇಲ್ಲಿ ತಪ್ಪುತ್ತದೆ. ಕೊನೆಗೆ ತಿರುಗಿಸಲು ಉಳಿಯುವುದು ಎರಡೇ ಸಂಖ್ಯೆ. ಒಂದು ಹೆಚ್ಚುಕಡಿಮೆ ಬಿಸಿ. ಇನ್ನೊಂದು ಹಿಗ್ಸ್ ತನ್ನ ಜೊತೆ ತಾನೇ ಎಷ್ಟು ಜೋರಾಗಿ ವರ್ತಿಸುತ್ತದೆ ಅನ್ನುವುದು, ಗೇಜ್ ಬಲಕ್ಕೆ ಹೋಲಿಸಿದರೆ. ಇದನ್ನು ಎಕ್ಸ್ ಅನ್ನುತ್ತಾರೆ, ಹಿಗ್ಸ್ ಭಾರವಾದಷ್ಟೂ ಇದು ದೊಡ್ಡದು.

ಇನ್ನು ಕಂಪ್ಯೂಟರಿನ ಕೆಲಸ. ಒಂದು ಕೊಂಡಿ ತೆಗೆದುಕೊಂಡು ಅದರ ಮ್ಯಾಟ್ರಿಕ್ಸನ್ನು ಸ್ವಲ್ಪ ಬದಲಿಸಿ ನೋಡುತ್ತದೆ, ಆ ಬಿಸಿಯಲ್ಲಿ ಅಂಥ ಬದಲಾವಣೆಗೆ ಎಷ್ಟು ಸಂಭವವೋ ಅಷ್ಟಕ್ಕೆ ಸರಿಯಾಗಿ ಒಪ್ಪುತ್ತದೆ ಅಥವಾ ಬಿಡುತ್ತದೆ, ಮುಂದಿನ ಕೊಂಡಿಗೆ ಹೋಗುತ್ತದೆ, ಹೀಗೆ ಇಡೀ ಲ್ಯಾಟಿಸನ್ನು ಮತ್ತೆ ಮತ್ತೆ ಸುತ್ತುತ್ತದೆ. ನಡುನಡುವೆ ಹಿಗ್ಸ್ ಕ್ಷೇತ್ರದ ಬೆಲೆ ಎಷ್ಟಿದೆ ಅಂತ ಬರೆದಿಟ್ಟುಕೊಂಡು, ಯಾವ ಬೆಲೆ ಎಷ್ಟು ಸಲ ಬಂತು ಅಂತ ಒಂದು ಗ್ರಾಫ್ ಬಿಡಿಸುತ್ತಾರೆ. ಉತ್ತರ ಈ ಗ್ರಾಫಿನಲ್ಲೇ ಇದೆ. ಗುಳ್ಳೆ ಏಳುವಂಥ ಬದಲಾವಣೆಯಾದರೆ ಅದರಲ್ಲಿ ಎರಡು ದಿಬ್ಬ ಇರುತ್ತವೆ: ಹಿಗ್ಸ್ ಸಣ್ಣದಾಗಿರುವ ಸ್ಥಿತಿ ಒಂದು, ದೊಡ್ಡದಾಗಿರುವುದು ಇನ್ನೊಂದು, ನಡುವೆ ಕಣಿವೆ. ಲ್ಯಾಟಿಸ್ ದೊಡ್ಡದು ಮಾಡಿದಷ್ಟೂ ಆ ಕಣಿವೆ ಆಳವಾಗಬೇಕು. ನಯವಾದ ಬದಲಾವಣೆಯಾದರೆ ದಿಬ್ಬ ಒಂದೇ, ಬಿಸಿ ಬದಲಿಸಿದಂತೆ ಅದು ಮೆಲ್ಲಗೆ ಸರಿಯುತ್ತದೆ. ಸಣ್ಣ ಲ್ಯಾಟಿಸ್ ಮೋಸ ಮಾಡಬಹುದು, ಅದಕ್ಕೇ ಗಾತ್ರ ಹೆಚ್ಚಿಸುತ್ತಾ ನೋಡುವುದು.

1996ರಲ್ಲಿ ಭೌತವಿಜ್ಞಾನಿಗಳಾದ ಕಾಯಾಂಟಿಯೆ, ಲೈನೆ, ರುಮ್ಮುಕೈನೆನ್ ಮತ್ತು ಶಾಪೋಶ್ನಿಕೋವ್ ಈ ಗ್ರಾಫುಗಳನ್ನು ಇಟ್ಟುಕೊಂಡು, ಹಿಗ್ಸ್ ಸಾಕಷ್ಟು ಭಾರ ಇದ್ದರೆ ಎರಡು ದಿಬ್ಬ ಉಳಿಯುವುದೇ ಇಲ್ಲ ಅಂತ ತೋರಿಸಿದರು. ಗುಳ್ಳೆ ಏಳುವಂಥ ಬದಲಾವಣೆ ಎಲ್ಲಿಗೆ ಮುಗಿಯುತ್ತದೆ ಅನ್ನುವುದೂ ಮುಂದಿನ ಕೆಲವೇ ವರ್ಷಗಳಲ್ಲಿ ಗೊತ್ತಾಯಿತು: ಎಕ್ಸ್ ಸುಮಾರು 0.098, ಹಿಗ್ಸ್ ಭಾರದಲ್ಲಿ ಹೇಳಿದರೆ 72 ಜಿಇವಿ ಆಸುಪಾಸು. ನೀರಿಗೂ ಇಂಥ ಕೊನೆಯ ಬಿಂದು ಇದೆ, 374 ಡಿಗ್ರಿ ಸೆಲ್ಸಿಯಸ್, 218 ವಾಯುಮಂಡಲ ಒತ್ತಡದಲ್ಲಿ. ಅದನ್ನು ದಾಟಿದರೆ ನೀರು ಆವಿ ಅನ್ನುವ ಭೇದ ಇಲ್ಲ, ಕುದಿಯುವುದೂ ಇಲ್ಲ. ಎರಡೂ ಕೊನೆಯ ಬಿಂದುಗಳು ಒಂದೇ ಗಣಿತದ ಗುಂಪಿಗೆ ಸೇರಿವೆ. ಹಿಗ್ಸ್ ಕಣ ಸಿಕ್ಕಿದ್ದನ್ನು ಯುರೋಪಿನ ಕಣ ಪ್ರಯೋಗಾಲಯ ಸರ್ನ್ ಪ್ರಕಟಿಸಿದ್ದು 2012ರ ಜುಲೈ 4ರಂದು, 125 ಜಿಇವಿಯಲ್ಲಿ. ಗಡಿಯಿಂದ ಎಷ್ಟೋ ಆಚೆ. ಕಣ ಸಿಗುವುದಕ್ಕೆ 16 ವರ್ಷ ಮೊದಲೇ ಉತ್ತರ ಸಿದ್ಧವಾಗಿತ್ತು! ಆಮೇಲೆ ನಿಜವಾದ ಭಾರ ಹಾಕಿ ಮಾಡಿದ ಲೆಕ್ಕದಲ್ಲಿ ಬದಲಾವಣೆಯ ಬಿಸಿ 159.5 ಜಿಇವಿ ಅಂತ ಬಂತು, ಒಂದೂವರೆ ಜಿಇವಿ ಆಚೀಚೆ ಇರಬಹುದು ಅಷ್ಟೇ.

ಪ್ರಬಲ ಬಲದ ಕಥೆಯೂ ಹಾಗೇ. ಕ್ವಾರ್ಕುಗಳು ಸೇರಿ ಪ್ರೋಟಾನ್ ಆಗುವ ಹಂತದಲ್ಲೂ ಗುಳ್ಳೆ ಇಲ್ಲ ಅಂತ 2006ರಲ್ಲಿ ಲ್ಯಾಟಿಸ್ ತೋರಿಸಿತು. ಆ ಬಿಸಿಯನ್ನು 156.5 ಎಂಇವಿ (ಒಂದು ಎಂಇವಿ ಅಂದರೆ ಜಿಇವಿಯ ಸಾವಿರದಲ್ಲೊಂದು ಭಾಗ) ಅಂತ ಅಳೆದ 2019ರ ತಂಡದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಇದ್ದರು.

ಗುಳ್ಳೆ ಇದ್ದರೇನು, ಬಿಟ್ಟರೇನು ಅಂತ ಅನ್ನಿಸಬಹುದು ಅಲ್ವಾ? ನಾವು ಇರುವುದೇ ಈ ಪ್ರಶ್ನೆಯ ಮೇಲೆ ನಿಂತಿದೆ. ಮ್ಯಾಟರ್ ಮತ್ತು ಆ್ಯಂಟಿಮ್ಯಾಟರ್ ಸಮ ಸಮ ಇದ್ದಿದ್ದರೆ ಒಂದನ್ನೊಂದು ಅಳಿಸಿಹಾಕಿ ಬರೀ ಬೆಳಕು ಉಳಿಯುತ್ತಿತ್ತು. ಮ್ಯಾಟರ್ ಒಂಚೂರು ಜಾಸ್ತಿಯಾಗಬೇಕಾದರೆ ವಿಶ್ವ ಒಮ್ಮೆ ಸಮತೋಲ ತಪ್ಪಬೇಕು ಅಂತ ಆಂಡ್ರೇ ಸಖರೋವ್ 1967ರಲ್ಲೇ ಹೇಳಿದ್ದರು. ಗುಳ್ಳೆಯ ಗೋಡೆ ನುಗ್ಗಿ ಬಂದಾಗ ಸಮತೋಲ ತಪ್ಪುತ್ತದೆ. ನಯವಾದ ಬದಲಾವಣೆಯಲ್ಲಿ ತಪ್ಪುವುದಿಲ್ಲ, ಯಾಕೆಂದರೆ ಆ ಹೊತ್ತಿನಲ್ಲಿ ವಿಶ್ವ ಹಿಗ್ಗುವ ವೇಗ ಕಣಗಳ ಡಿಕ್ಕಿಗಳ ಮುಂದೆ ಏನೇನೂ ಅಲ್ಲ, ಒಂದಿಷ್ಟು ಹಿಗ್ಗುವಷ್ಟರಲ್ಲಿ ಕೋಟಿಗಟ್ಟಲೆ ಡಿಕ್ಕಿ ಆಗಿ ಎಲ್ಲ ಸಮವಾಗಿಬಿಟ್ಟಿರುತ್ತದೆ. ಹಾಗಾಗಿ ನಾವು ಹೇಗೆ ಉಳಿದೆವು ಅನ್ನುವುದನ್ನು ಸ್ಟ್ಯಾಂಡರ್ಡ್ ಮಾಡೆಲ್ ಒಂದೇ ವಿವರಿಸಲಾರದು. ಲ್ಯಾಟಿಸ್ ಕೊಟ್ಟ ಅತಿ ಮುಖ್ಯ ಸುದ್ದಿ ಇದೇ ಅಂತ ನನ್ನ ಅಭಿಪ್ರಾಯ.

ಆದರೆ ನಮಗಿನ್ನೂ ಸಿಗದ ಕಣ ಇದ್ದರೆ ಗುಳ್ಳೆ ವಾಪಸ್ ಬರಬಹುದು. ಗುಳ್ಳೆಗಳು ಡಿಕ್ಕಿ ಹೊಡೆದಿದ್ದರೆ ಎದ್ದ ಗುರುತ್ವ ಅಲೆಗಳು ಇಂದಿಗೂ ಇರಬೇಕು. 2035ರ ಹೊತ್ತಿಗೆ ಹಾರಿಸಲು ಯುರೋಪಿನ ಬಾಹ್ಯಾಕಾಶ ಸಂಸ್ಥೆ ತಯಾರಿ ಮಾಡುತ್ತಿರುವ, ಗುರುತ್ವ ಅಲೆಗಳನ್ನು ಪತ್ತೆ ಮಾಡುವ ಲೀಸಾ ಇವನ್ನೂ ಹುಡುಕಲಿದೆ. ಹೊಸ ಕಣ ತುಂಬಾ ಭಾರವಾಗಿದ್ದರೆ ಅದೂ ಆ ಎರಡು ಸಂಖ್ಯೆಗಳ ಒಳಗೇ ಸೇರಿಬಿಡುತ್ತದೆ, ಆಗ 1990ರ ದಶಕದ ಲೆಕ್ಕವೇ ಸಾಕು: ಎಕ್ಸ್ 0.098ಕ್ಕಿಂತ ಕೆಳಗೆ ಇಳಿಯುತ್ತದಾ ಅಂತ ನೋಡಿದರಾಯಿತು. ಹಗುರವಾಗಿದ್ದರೆ ಅದಕ್ಕೂ ಲ್ಯಾಟಿಸ್ ಮೇಲೆ ಜಾಗ ಕೊಟ್ಟು ಮೊದಲಿನಿಂದ ಲೆಕ್ಕ ಮಾಡಬೇಕು.