ನೀರು ನಿಲ್ಲಿಸಿದರೆ ಹಾಸಿಗೆ ಒಣಗುವುದಿಲ್ಲ

ಲಕ್ವ ಹೊಡೆದವರ ಮನೆಗೆ ಹೋದರೆ ನಾನು ಮೊದಲು ಅವರ ತುಟಿ ನೋಡುತ್ತೇನೆ. ಕೈಕಾಲು ಆಮೇಲೆ. ತುಟಿ ಒಣಗಿ ಸಿಪ್ಪೆ ಎದ್ದಿದ್ದರೆ ಆ ಮನೆಯಲ್ಲಿ ಏನು ನಡೆಯುತ್ತಿದೆ ಅಂತ ಅರ್ಧ ಗೊತ್ತಾಗುತ್ತದೆ. 18 ವರ್ಷದಿಂದ ದಾವಣಗೆರೆ ಸುತ್ತಮುತ್ತ ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡಿಸುತ್ತಿದ್ದೇನೆ. ಹಾಸಿಗೆ ಒದ್ದೆಯಾಗುತ್ತದೆ ಎಂದು ನೀರು ನಿಲ್ಲಿಸುವ ಈ ಒಂದು ತಪ್ಪು ಇನ್ನೂ ಎದುರಾಗುತ್ತಲೇ ಇದೆ.

ಕಳೆದ ಏಪ್ರಿಲ್‌ನಲ್ಲಿ ಒಬ್ಬ ನಿವೃತ್ತ ಮೇಷ್ಟ್ರ ಮನೆಗೆ ಹೋಗಿದ್ದೆ. ಎಡಗೈ, ಎಡಗಾಲು ಬಿದ್ದು ಏಳು ವಾರವಾಗಿತ್ತು. ಕಾಲಿಗೆ ಶಕ್ತಿ ಬರುತ್ತಿತ್ತು, ಆದರೆ ಎದ್ದು ನಿಲ್ಲಿ ಎಂದರೆ ಒಲ್ಲೆ ಎನ್ನುತ್ತಿದ್ದರು. ನಿಂತ ಕೂಡಲೇ ಪಂಚೆ ಒದ್ದೆಯಾಗುತ್ತದೆ ಎಂಬ ನಾಚಿಕೆ. ಮಂಚದ ಪಕ್ಕ ಸ್ಟೀಲ್ ಲೋಟ, ತಳದಲ್ಲಿ ಒಂದು ಗುಟುಕು ನೀರು. ಕೇಳಿದರೆ ಸೊಸೆ ಹೇಳಿದಳು: “ಬೆಳಗ್ಗೆ ಅರ್ಧ ಲೋಟ, ಮಾತ್ರೆಗೆ ಎರಡು ಗುಟುಕು ಸರ್. ಜಾಸ್ತಿ ಕೊಟ್ರೆ ರಾತ್ರಿಯೆಲ್ಲ ಹಾಸಿಗೆ ಒದ್ದೆ.” ಹಿತ್ತಲಿನ ತಂತಿಯ ಮೇಲೆ ಮೂರು ಬೆಡ್‌ಶೀಟ್, ಒಂದು ಕೌದಿ ಒಣಗುತ್ತಿದ್ದವು. ಆ ಹುಡುಗಿ ಸರಿಯಾಗಿ ನಿದ್ದೆ ಮಾಡಿ ಒಂದೂವರೆ ತಿಂಗಳಾಗಿತ್ತು. ಅವಳ ಮೇಲೆ ಸಿಟ್ಟು ಬರಲಿಲ್ಲ. ಇದನ್ನು ಯಾರೂ ಅವಳಿಗೆ ಬಿಡಿಸಿ ಹೇಳಿಲ್ಲವಲ್ಲ ಎಂದು ಬೇಜಾರಾಯಿತು.

ಮೂತ್ರಕೋಶ ಸುಮಾರು 400ರಿಂದ 500 ಮಿಲಿಲೀಟರ್ ಹಿಡಿಯುತ್ತದೆ. ಅರ್ಧ ತುಂಬುವ ಹೊತ್ತಿಗೇ ಮೆದುಳಿಗೆ ಸುದ್ದಿ ಹೋಗುತ್ತದೆ. ಮೆದುಳಿನ ಮುಂಭಾಗ ‘ತಡಿ, ಈಗ ಬೇಡ’ ಎನ್ನುತ್ತದೆ. ನಾವು ಬಸ್ಸಿನಲ್ಲೋ ಮದುವೆ ಮನೆಯಲ್ಲೋ ಗಂಟೆಗಟ್ಟಲೆ ತಡೆದುಕೊಳ್ಳುವುದು ಅದರಿಂದಲೇ. ಸ್ಟ್ರೋಕ್‌ನಲ್ಲಿ, ಅಂದರೆ ಲಕ್ವ ಹೊಡೆದಾಗ, ಈ ‘ತಡಿ’ ಎನ್ನುವ ದಾರಿಗೆ ಪೆಟ್ಟು ಬಿದ್ದರೆ, ಸ್ವಲ್ಪ ತುಂಬಿದರೂ ಮೂತ್ರಕೋಶ ತಾನಾಗಿ ಹಿಂಡಿಕೊಳ್ಳುತ್ತದೆ. ಅವಸರ ಬಂತು ಎನ್ನುವಷ್ಟರಲ್ಲಿ ಆಗಿಹೋಗಿರುತ್ತದೆ. ಯಾರೂ ಬೇಕು ಅಂತ ಮಾಡುವುದಿಲ್ಲ.

ಈಗ ನೀರಿನ ವಿಷಯ. ನೀವು ನೀರು ಕೊಡದಿದ್ದರೂ ಕಿಡ್ನಿ ಸುಮ್ನೆ ಕೂರುವುದಿಲ್ಲ. ಮೈಯೊಳಗಿನ ಕಸ ಹೊರಹಾಕಲು ದಿನಕ್ಕೆ ಅರ್ಧ ಲೀಟರ್‌ನಷ್ಟಾದರೂ ಮೂತ್ರ ಬೇಕೇ ಬೇಕು. ಅಂದರೆ ಹಾಸಿಗೆ ಹೇಗೂ ಒದ್ದೆಯಾಗುತ್ತದೆ, ಅಲ್ವಾ? ನೀರು ಕಡಿಮೆಯಾದಂತೆ ಆ ಮೂತ್ರ ಕಡು ಹಳದಿಯಾಗಿ, ಗಟ್ಟಿಯಾಗಿ, ವಾಸನೆ ಬರುತ್ತದೆ. ಮೊದಲೇ ಸಿಡುಕುತ್ತಿರುವ ಮೂತ್ರಕೋಶಕ್ಕೆ ಅದು ಇನ್ನಷ್ಟು ಕಿರಿಕಿರಿ. ಮೊದಲಿಗಿಂತ ಕಡಿಮೆ ತುಂಬಿದರೂ ಹಿಂಡತೊಡಗಬಹುದು. ಮನೆಯವರು ಇನ್ನೂ ಎರಡು ಗುಟುಕು ಕಡಿಮೆ ಮಾಡುತ್ತಾರೆ. ಮಲ ಗಟ್ಟಿಯಾಗುತ್ತದೆ. ತುಂಬಿದ ಮಲಕೋಶ ಮೂತ್ರಕೋಶವನ್ನು ಒತ್ತುತ್ತದೆ, ಮತ್ತೆ ಅವಸರ. ಸೋಂಕಿಗೂ ಅದೇ ದಾರಿ. ವಯಸ್ಸಾದವರಲ್ಲಿ ಮೂತ್ರದ ಸೋಂಕು ಕೆಲವೊಮ್ಮೆ ಜ್ವರವಿಲ್ಲದೆ, ಬರೀ ತಬ್ಬಿಬ್ಬಾಗಿ ಮಾತಾಡುವುದರಲ್ಲೇ ಗೊತ್ತಾಗುತ್ತದೆ. ನೀರಿಲ್ಲದೆ ಬಿಪಿ ಇಳಿದು, ಎದ್ದು ನಿಂತಾಗ ತಲೆ ತಿರುಗಿ ಬೀಳುವವರೂ ಇದ್ದಾರೆ. ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ಆ ಮೇಷ್ಟ್ರಿಗೆ ಒಂದು ಲೋಟದಷ್ಟೂ ನೀರು ಸಿಗುತ್ತಿರಲಿಲ್ಲ.

ಹಾಗಾದರೆ ಎಷ್ಟು ಕೊಡಬೇಕು? ಮಜ್ಜಿಗೆ, ಗಂಜಿ, ಸಾರು ಎಲ್ಲ ಸೇರಿ ದಿನಕ್ಕೆ ಒಂದೂವರೆ ಲೀಟರ್ ಹತ್ತಿರ ಇರಲಿ ಎಂದು ಸಾಮಾನ್ಯವಾಗಿ ಹೇಳುತ್ತೇನೆ. ಹೃದಯ ಸೋತಿದ್ದರೆ, ಕಿಡ್ನಿ ತೊಂದರೆ ಇದ್ದರೆ ಈ ಲೆಕ್ಕ ಬೇಡ. ಅವರ ಡಾಕ್ಟರ್ ಹೇಳಿದಷ್ಟೇ. ನೀರು ಕುಡಿದಾಗ ಕೆಮ್ಮು ಬಂದರೆ, ನುಂಗುವುದನ್ನು ಪರೀಕ್ಷೆ ಮಾಡಿಸದೆ ಲೋಟ ಬಾಯಿಗಿಡಬೇಡಿ. ಶ್ವಾಸಕೋಶಕ್ಕೆ ಇಳಿದರೆ ಅಪಾಯ. ಪ್ರಮಾಣ ಇಳಿಸುವ ಬದಲು ಹೊತ್ತು ಬದಲಾಯಿಸಿ. ಹೆಚ್ಚಿನ ಪಾಲು ಸಂಜೆ ಐದರೊಳಗೆ ಮುಗಿಯಲಿ. ಸಂಜೆಯ ಕಾಫಿ, ಟೀ ಬಿಡಿಸಿ. ಮೂತ್ರ ಹೋಗಿಸುವ ಬಿಪಿ ಮಾತ್ರೆ ರಾತ್ರಿ ಇದ್ದರೆ ಬೆಳಗ್ಗೆಗೆ ಬದಲಿಸಬಹುದಾ ಎಂದು ಡಾಕ್ಟರನ್ನು ಕೇಳಿ.

ಮೇಷ್ಟ್ರ ಮನೆಯಲ್ಲಿ ಮೊಮ್ಮಗನ ಹಳೇ ನೋಟ್‌ಬುಕ್ ತರಿಸಿದೆ. ಮೂರು ದಿನ, ಎಷ್ಟು ಗಂಟೆಗೆ ಕುಡಿದರು, ಎಷ್ಟು ಗಂಟೆಗೆ ಹೋದರು, ಯಾವಾಗ ಒದ್ದೆಯಾಯಿತು ಎಂದು ಬರೆಯಲು ಹೇಳಿದೆ. ಸೊಸೆ ಅಚ್ಚುಕಟ್ಟಾಗಿ ಗೆರೆ ಹಾಕಿ ಬರೆದಿದ್ದಳು. ನೋಡಿದರೆ, ರಾತ್ರಿಯೆಲ್ಲ ಒದ್ದೆ ಎಂದದ್ದು ನಿಜವಾಗಿ ಬೆಳಗಿನ ನಾಲ್ಕೂವರೆ ಸುಮಾರಿಗೆ ಒಮ್ಮೆ. ಹಗಲಲ್ಲಿ ಮಾತ್ರ ನಾಲ್ಕೈದು ಸಲ. ಹಗಲಲ್ಲಿ ಏಕೆ ಎಂದು ಕೂತು ನೋಡಿದೆ. ಅವರಿಗೆ ಅವಸರವಾಗುವುದು ಗೊತ್ತಾಗುತ್ತಿತ್ತು. ಬಲಗೈ ಚಡ್ಡಿಯ ಲಾಡಿಗೆ ಹೋಗುತ್ತಿತ್ತು. ಒಂದೇ ಕೈಯಲ್ಲಿ ಗಂಟು ಬಿಚ್ಚುವುದು ಹೇಗೆ? ಗಂಟು ಇನ್ನೂ ಬಿಗಿಯಾಗುತ್ತಿತ್ತು, ಅಷ್ಟರಲ್ಲಿ ಹೋಗಿಬಿಡುತ್ತಿತ್ತು. ಲಾಡಿ ತೆಗೆಸಿ ಎಲಾಸ್ಟಿಕ್ ಹಾಕಿಸಿದೆವು. ಹಿತ್ತಲ ಕಕ್ಕಸಿನವರೆಗೆ ಓಡಿಸುವುದು ಬಿಟ್ಟು ಮಂಚದ ಪಕ್ಕ ಕಮೋಡ್ ಕುರ್ಚಿ ಇಟ್ಟೆವು. ಅವಸರ ಬರಲಿ ಬಿಡಲಿ, ಹಗಲಲ್ಲಿ ಎರಡು ಗಂಟೆಗೊಮ್ಮೆ ಕೂರಿಸುವುದು. ಬೆಳಗಿನ ನಾಲ್ಕಕ್ಕೆ ಅಲಾರಾಂ.

ಮಾತು ಹೋದವರ ಕಷ್ಟ ಬೇರೆ. ಒಬ್ಬ ಅಜ್ಜಿ ಆಗಾಗ ಸೆರಗು ಎಳೆದೆಳೆದು ಕೊಸರಾಡುತ್ತಿದ್ದರು. ಮನೆಯವರು ತಲೆ ಕೆಟ್ಟಿದೆ ಎಂದುಕೊಂಡಿದ್ದರು. ಸೆರಗು ಎಳೆದ ಐದು ನಿಮಿಷಕ್ಕೇ ಸೀರೆ ಒದ್ದೆಯಾಗುತ್ತಿದ್ದುದನ್ನು ನೋಡಿದ್ದು ಅವರ ಚಿಕ್ಕ ಮೊಮ್ಮಗಳು.

ಇನ್ನೊಂದು ಎಚ್ಚರಿಕೆ. ಕೆಲವರಲ್ಲಿ ಮೂತ್ರಕೋಶ ಖಾಲಿಯೇ ಆಗದೆ, ತುಂಬಿ ತುಳುಕಿ ತೊಟ್ಟಿಕ್ಕುತ್ತದೆ. ಸ್ಟ್ರೋಕ್ ಆದ ಮೊದಲ ದಿನಗಳಲ್ಲಿ, ಹಳೇ ಸಕ್ಕರೆ ಕಾಯಿಲೆಯವರಲ್ಲಿ, ಮೂತ್ರಕೋಶದ ಕೆಳಗಿನ ಪ್ರೊಸ್ಟೇಟ್ ಗ್ರಂಥಿ ದೊಡ್ಡದಾದ ಗಂಡಸರಲ್ಲಿ ಹೀಗಾಗಬಹುದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಮೂತ್ರ ಮಾಡಿದ ಮೇಲೆ ಒಳಗೆ ಎಷ್ಟು ಉಳಿದಿದೆ ಎಂದು ಸ್ಕ್ಯಾನ್‌ನಲ್ಲಿ ನೋಡಿಸಬೇಕು. ಅದಕ್ಕೆ ಮೊದಲು ಮೆಡಿಕಲ್ ಶಾಪ್‌ನಲ್ಲಿ ಕೇಳಿ ಮಾತ್ರೆ ತರಬೇಡಿ. ಮೂತ್ರ ತಡೆಯುವ ಕೆಲವು ಮಾತ್ರೆಗಳಿಂದ ಮೂತ್ರ ಕಟ್ಟಿಕೊಳ್ಳಬಹುದು, ಮಲಬದ್ಧತೆ, ಮರೆವು ಹೆಚ್ಚಬಹುದು.

ಸ್ಟ್ರೋಕ್ ಆಗಿ ಆಸ್ಪತ್ರೆ ಸೇರಿದವರಲ್ಲಿ 100ಕ್ಕೆ 40ರಿಂದ 60 ಜನಕ್ಕೆ ಮೂತ್ರ ತಡೆಯಲಾಗದ ಈ ತೊಂದರೆ ಇರುತ್ತದೆ. ಮನೆಗೆ ಹೋಗುವಾಗ 25ರಷ್ಟು, ವರ್ಷದ ಹೊತ್ತಿಗೆ 15ರಷ್ಟು ಜನರಲ್ಲಿ ಉಳಿಯುತ್ತದೆ. ಅಂದರೆ ಬಹಳಷ್ಟು ಜನರಿಗೆ ಕಡಿಮೆಯಾಗುತ್ತದೆ. ಇದನ್ನು ಮೇಷ್ಟ್ರಿಗೆ ಹೇಳಿದಾಗ ಅವರು ಮಾತಾಡಲಿಲ್ಲ. ಸೊಸೆಯ ಕಡೆ ತಿರುಗಿ ಲೋಟ ತೋರಿಸಿದರು. ಅವಳು ಪೂರ್ತಿ ತುಂಬಿಸಿ ಕೊಟ್ಟಳು.

ಜೂನ್ ಹೊತ್ತಿಗೆ ವಾಕರ್ ಹಿಡಿದು ಬಾಗಿಲಿನ ತನಕ ನಡೆಯುತ್ತಿದ್ದರು. ಮಧ್ಯಾಹ್ನ ಜಗಲಿಯ ಮೇಲೆ ಪೇಪರ್ ಹಿಡಿದು ಕೂರುತ್ತಿದ್ದರು, ದಾರಿಯಲ್ಲಿ ಹೋಗುವವರನ್ನು ಮಾತಾಡಿಸುತ್ತಿದ್ದರು. ವಾರಕ್ಕೆ ಒಂದೆರಡು ಸಲ ಹಾಸಿಗೆ ಈಗಲೂ ಒದ್ದೆಯಾಗುತ್ತದೆ. ಬೆಳಗಿನ ನಾಲ್ಕರ ಅಲಾರಾಂ ಮಾತ್ರ ಈಗ ಸೊಸೆಯ ಫೋನಿನಲ್ಲಿಲ್ಲ. ಮಗ ತನ್ನ ಫೋನಿನಲ್ಲಿ ಇಟ್ಟುಕೊಂಡಿದ್ದಾನೆ.